ಬಳ್ಳಿಗಾವೆಯ ಅಲ್ಲಮಪ್ರಭು

ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಹಿಂದೆ ಬನವಾಸಿ ಹನ್ನೆರಡು ಸಾವಿರವೆಂಬ ವಿಶಾಲವಾದ ನಾಡಿಗೆ ಸೇರಿದ್ದುವು. ಕೆರೆ, ಗದ್ದೆ, ಅಡಕೆಯ ತೋಟಗಳಿಂದ ತುಂಬಿದ್ದ ಈ ಸೀಮೆ ವಿದ್ಯೆಗೂ ಶಿಲ್ಪಕ್ಕೂ ಹೆಸರಾಗಿತ್ತು. ಸೊರಬದ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯ ಇಂದಿಗೂ ನಿಂತಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಪ್ರಾಚೀನವಾದ ಅಗ್ರಹಾರ. ಅದಕ್ಕೆ ಸಮೀಪದಲ್ಲಿಯೇ ಇರುವ ಬಳ್ಳಿಗಾವೆ ಆ ನಾಡಿನ ರಾಜಧಾನಿಯಾಗಿತ್ತು. ಅಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನ ನಡೆಯುತ್ತಿತ್ತೆಂದೂ ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ 1162ರ ಶಾಸನವೊಂದು ತಿಳಿಸುತ್ತದೆ. ಅನ್ನವೂ ಔಷಧವೂ ಎಲ್ಲರಿಗೂ ಸಿಕ್ಕಿರಬಹುದು. ಆದರೆ ಉಳುವವನಿಗೆ, ಅಗಸನಿಗೆ, ಅಂಬಿಗನಿಗೆ ಶಾಸ್ತ್ರದ ಬಾಗಿಲು ಅಷ್ಟು ಸುಲಭವಾಗಿ ತೆರೆಯುವಂಥದಾಗಿರಲಿಲ್ಲ. ಅಂಥವರ ನಡುವೆ ಕುಳಿತು ಅವರೊಡನೆ ವಿಚಾರ ಮಾಡಿದ ಮಹಾನುಭಾವರು ಇದೇ ಬಳ್ಳಿಗಾವೆಯಲ್ಲಿ ಹುಟ್ಟಿದವರೆಂಬುದು ಗಮನಿಸಬೇಕಾದ ಸಂಗತಿ. ಅವರೇ ಅಲ್ಲಮಪ್ರಭುದೇವರು.

ಅಲ್ಲಮನ ಬಾಲ್ಯ, ಯೌವನಗಳ ಕಥೆಯನ್ನು ಎಲ್ಲ ಕವಿಗಳೂ ಒಂದೇ ಬಗೆಯಾಗಿ ಹೇಳುವುದಿಲ್ಲ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನು ಮಾಯೆಗೆ ಸಿಕ್ಕದೆ ಜಾರಿಹೋಗುವ ನಿರ್ಲಿಪ್ತ. ಅವನಿಗಿಂತ ಬಹು ಹಿಂದಿನವನಾದ ಹರಿಹರನ ರಗಳೆಯಲ್ಲಿ ಅವನು ನಮ್ಮ ನಿಮ್ಮಂತೆ ಪ್ರೀತಿಸಿ ಅತ್ತ ಮನುಷ್ಯ. ನನಗೆ ಹರಿಹರನ ಅಲ್ಲಮನೇ ಹೆಚ್ಚು ಹತ್ತಿರದವನಾಗಿ ತೋರುತ್ತಾನೆ. ಅವನು ಮದ್ದಳೆ ಬಾರಿಸುವುದರಲ್ಲಿ ನಿಪುಣನು. ಕಮಲತೆ ಎಂಬುವಳನ್ನು ಒಲಿದು ವರಿಸಿದನು. ಆಕೆ ಜ್ವರದಿಂದ ತೀರಿಕೊಂಡಳು. ದುಃಖದಿಂದ ಹುಚ್ಚನಂತೆ ಅಲೆಯುತ್ತಿದ್ದ ಅಲ್ಲಮನು ಒಂದು ದಿನ ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರಲು ಚಿನ್ನದ ಕಳಸದ ತುದಿ ಕಂಡಿತು. ಅಗೆಸಿ ನೋಡಿದರೆ ನೆಲದೊಳಗೊಂದು ದೇಗುಲ. ಅದರೊಳಗೆ ಅಂಗೈಯಲ್ಲಿ ಲಿಂಗವನ್ನು ಹಿಡಿದು, ರೆಪ್ಪೆಯಲುಗದೆ ಕುಳಿತ ಅನಿಮಿಷನೆಂಬ ಯೋಗಿ. ಆ ಲಿಂಗ ಅಲ್ಲಮನ ಕೈಸೇರಿತು. ಯೋಗಿ ಒಂದು ಮಾತನ್ನೂ ಆಡಲಿಲ್ಲ. ಮಾತಿಲ್ಲದ ಗುರುವಿನಿಂದ ಪಡೆದ ಈ ಪಾಠ ಅಲ್ಲಮನ ಬಾಳನ್ನು ಬೇರೆಯೇ ದಾರಿಗೆ ತಿರುಗಿಸಿತು.

ಅಂದಿನಿಂದ ಪ್ರಭುದೇವರು ನಾಡಿನಲ್ಲೆಲ್ಲ ಸಂಚರಿಸಿದರು. ಅವರು ಸೇರಿದ್ದು ಹೆಚ್ಚಾಗಿ ಕೈಕೆಲಸದಲ್ಲಿ ತೊಡಗಿದ್ದ, ವಯಸ್ಸಿಗೆ ಬಂದ ಜನರನ್ನು. ಮಕ್ಕಳಿಗೆ ಅಕ್ಷರ ಕಲಿಸುವುದು ಒಂದು ಬಗೆ. ಬೆಳೆದವರಿಗೆ ತಿಳಿವಳಿಕೆ ನೀಡುವುದು ಇನ್ನೊಂದು ಬಗೆ. ಬೆಳೆದವನಿಗೆ ತನ್ನ ಕಸುಬಿನ ಅನುಭವವಿದೆ, ಅದರೊಂದಿಗೆ ಅಭಿಮಾನವೂ ಇದೆ. ಪ್ರಭುದೇವರು ಆ ಅನುಭವವನ್ನೇ ಪಾಠವಾಗಿ ಮಾಡಿಕೊಂಡರು, ಅಭಿಮಾನವನ್ನು ಮಾತ್ರ ಬಿಡಲಿಲ್ಲ, ತಿವಿದರು. ತೋಟವನ್ನು ಅಗೆಯುತ್ತಿದ್ದ ಗೊಗ್ಗಯ್ಯನೆಂಬ ಒಕ್ಕಲಿಗನೊಡನೆ ಅವರು ಮಾತನಾಡಿದ್ದು ತೋಟದ ಮಾತನ್ನೇ. ದೇಹವೇ ನೆಲ, ಮನಸ್ಸೇ ಗುದ್ದಲಿ ಎಂಬ ಅರಿವು ಅವನಿಗೆ ಅಲ್ಲಿಯೇ ಮೂಡಿತು.

ಸೊನ್ನಲಿಗೆಯ ಪ್ರಸಂಗ ಇದಕ್ಕಿಂತ ದೊಡ್ಡದು. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಅಲ್ಲಿ ಸಿದ್ಧರಾಮರು ಜನರನ್ನು ಒಗ್ಗೂಡಿಸಿ ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ ಲೋಕೋಪಕಾರದಲ್ಲಿ ನಿರತರಾಗಿದ್ದರು. ಊರಿನ ಮುಂದಾಳುವಾದವನು ಮಾಡಬೇಕಾದ ಕೆಲಸ ಅದೇ ಅಲ್ಲವೇ ಎಂದು ನಮಗೆ ಅನ್ನಿಸುತ್ತದೆ. ಪ್ರಭುದೇವರು ಕೆರೆಯ ಏರಿಯ ಬಳಿಗೆ ಬಂದು ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಕರೆದರು. ಕೆಲಸಗಾರರು ಕೆರಳಿ ಕಲ್ಲೆಸೆದರೆಂದು ಕಥೆ. ಕೆರೆ ಬೇಡವೆಂಬುದು ಪ್ರಭುದೇವರ ಅಭಿಪ್ರಾಯವಾಗಿರಲಿಲ್ಲ. ಮಾಡುವವನು ತಾನೆಂಬ ಭಾವ ಕೆರೆಯೊಡನೆಯೇ ಬೆಳೆಯುತ್ತಿರುವುದನ್ನು ಅವರು ಕಂಡಿದ್ದರು. ಸಿದ್ಧರಾಮರು ಮೊದಲು ಸಿಟ್ಟಾದರು, ವಾದಿಸಿದರು, ಕೊನೆಗೆ ಒಪ್ಪಿ ಅವರೊಡನೆ ಕಲ್ಯಾಣಕ್ಕೆ ಹೊರಟರು.

ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಮಂತ್ರಿಯಾಗಿದ್ದ ಕಾಲವದು. ಅಲ್ಲಿ ಶರಣರು ಕೂಡಿ ವಿಚಾರಮಾಡುತ್ತಿದ್ದ ಗೋಷ್ಠಿಯೇ ಅನುಭವ ಮಂಟಪವೆಂದು ಪ್ರಸಿದ್ಧವಾಗಿದೆ. ಅದರ ಶೂನ್ಯಸಿಂಹಾಸನವನ್ನೇರಿದವರು ಪ್ರಭುದೇವರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯ, ಹಡಪದ ಅಪ್ಪಣ್ಣ ಮುಂತಾದವರು ಅಲ್ಲಿ ಕೇಳುವವರೂ ಆಗಿದ್ದರು, ಹೇಳುವವರೂ ಆಗಿದ್ದರು. ಮಂತ್ರಿಯ ಮಾತಿಗೂ ಅಗಸನ ಮಾತಿಗೂ ಒಂದೇ ತೂಕ. ಬಸವಣ್ಣನವರು ಪೂಜೆಯಲ್ಲಿ ಮುಳುಗಿ, ಬಾಗಿಲಿಗೆ ಬಂದ ತಮ್ಮನ್ನು ಕಾಯಿಸಿದಾಗ ಪ್ರಭುದೇವರು ಅವರನ್ನೂ ಆಕ್ಷೇಪಿಸದೆ ಬಿಡಲಿಲ್ಲ.

ಈ ಗೋಷ್ಠಿಯ ಸಂವಾದಗಳನ್ನು ‘ಶೂನ್ಯಸಂಪಾದನೆ’ಗಳು ನಿರೂಪಿಸುತ್ತವೆ. ಅವು ಸುಮಾರು ಮುನ್ನೂರು ವರ್ಷಗಳ ಬಳಿಕ ರಚಿತವಾದುವು ಎಂಬುದನ್ನು ನೆನಪಿಡಬೇಕು. ಅವುಗಳಲ್ಲಿ ಅತ್ಯಂತ ರೋಚಕವಾದುದು ಉಡುತಡಿಯ ಅಕ್ಕಮಹಾದೇವಿಯ ಪ್ರಸಂಗ. ಉಡುತಡಿಯೂ ಶಿಕಾರಿಪುರ ತಾಲ್ಲೂಕಿನ ಊರೇ. ಒಂದೇ ಸೀಮೆಯ ಇಬ್ಬರು ದೂರದ ಕಲ್ಯಾಣದಲ್ಲಿ ಎದುರುಬದುರಾದರು. ಪ್ರಭುದೇವರು ತರುಣಿಯಾದ ಆಕೆಯನ್ನು ಒಳಗೆ ಬರಗೊಡದೆ ಕಠಿಣವಾದ ಪ್ರಶ್ನೆಗಳನ್ನು ಕೇಳಿದರು. ತುಂಬಿದ ಸಭೆಯಲ್ಲಿ ಆಕೆ ಒಂದೊಂದಕ್ಕೂ ಅಳುಕದೆ ಉತ್ತರವಿತ್ತಳು. ಆಕೆಯ ನಿಲುವನ್ನು ಸಭೆಯೇ ತಿಳಿಯಲಿ ಎಂಬುದಕ್ಕಾಗಿಯೇ ಅಷ್ಟು ಕಟುವಾಗಿ ಕೇಳಿದರೇನೋ! ಕೊನೆಗೆ ಆಕೆಯ ಹಿರಿಮೆಯನ್ನು ಕೊಂಡಾಡಿದವರಲ್ಲಿ ಅವರೇ ಮೊದಲಿಗರು.

ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಅಲ್ಲಿಯದೇ. ಬಿದ್ದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದ ಆಕೆಯ ಗಂಡ ಮಾರಯ್ಯ ಪ್ರಭುದೇವರೊಡನೆ ಮಾತಿನಲ್ಲಿ ಮೈಮರೆತನು. ಕಾಯಕದ ಹೊತ್ತು ಮೀರಿತೆಂದು ಲಕ್ಕಮ್ಮ ಅವನನ್ನು ಎಚ್ಚರಿಸಿದಳು. ಅವಸರದಲ್ಲಿ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಮುಂದೆ ಕಲ್ಯಾಣಕ್ಕೆ ಕೇಡುಗಾಲ ಬಂದಿತು. ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ನಡೆದ ವಿವಾಹ ರಾಜನ ಕೋಪಕ್ಕೆ ಕಾರಣವಾಯಿತು. ಇಬ್ಬರು ತಂದೆಯರಿಗೂ ಘೋರವಾದ ಶಿಕ್ಷೆಯಾಯಿತು. 1167ರ ಸುಮಾರಿಗೆ ಬಿಜ್ಜಳನೂ ಕೊಲೆಯಾದನು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದ್ದರು. ಪ್ರಭುದೇವರು ಪೀಠವನ್ನು ಚೆನ್ನಬಸವಣ್ಣನವರಿಗೆ ಒಪ್ಪಿಸಿ ಶ್ರೀಶೈಲದ ಕದಳಿಯ ಕಡೆಗೆ ನಡೆದರೆಂದು ಪ್ರತೀತಿ. ಹಿರಿಯರಿಬ್ಬರೂ ಇಲ್ಲದ ಹೊತ್ತಿನಲ್ಲಿ, ಬೆನ್ನಟ್ಟಿ ಬರುವ ಸೈನ್ಯದ ಭಯದ ನಡುವೆ, ಶರಣರು ಚದುರಿ ಹಲವು ದಿಕ್ಕುಗಳಿಗೆ ಹೊರಟರು. ಒಂದು ಗುಂಪು ಚೆನ್ನಬಸವಣ್ಣನವರೊಡನೆ ಸಹ್ಯಾದ್ರಿಯ ಕಾಡಿನ ಉಳವಿಯತ್ತ ಸಾಗಿತು. ಅದರಲ್ಲಿ ಹೆಂಗಸರಿದ್ದರು, ವಚನದ ಓಲೆಗಳ ಕಟ್ಟುಗಳಿದ್ದುವು. ಅಲ್ಲಲ್ಲಿ ನಿಂತು ಸೈನ್ಯವನ್ನು ತಡೆದು ಆ ಗುಂಪನ್ನು ಕಾಪಾಡಿದವರಲ್ಲಿ ಮುಂದಾಳುವಾಗಿದ್ದವನು ಬಟ್ಟೆ ಒಗೆಯುವ ಕಾಯಕದ ಮಾಚಯ್ಯನೆಂದು ಆ ಹಾದಿಯ ಊರುಗಳಲ್ಲಿ ಇಂದಿಗೂ ಹೇಳುತ್ತಾರೆ.