ಹರೆಯದ ಸಂಕಲ್ಪ: ಗೋಪಾಳ ಗಣೇಶ ಆಗರಕರರು

ಪರೀಕ್ಷೆಗಳ ಫಲವು ಪ್ರಕಟವಾಗುವ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬರುವ ಗೃಹಸ್ಥರಿಗೆ ಕಡಮೆಯಿಲ್ಲ. ಹುಡುಗನು ಮುಂದೇನಾಗಬೇಕೆಂದಿರುವನೆಂದು ನಾವು ಅವನನ್ನೇ ಕೇಳಿದರೂ ಉತ್ತರವು ತಂದೆಯ ಬಾಯಿಂದ ಬರುವುದು. ಅದರಲ್ಲಿ ಸಂಬಳದ ಅಂಕಿಯೊಂದು ತಪ್ಪದೆ ಇರುವುದು. ಹುಡುಗನು ನೆಲವನ್ನು ನೋಡುತ್ತ ನಿಂತಿರುವನು. ಇಂಥ ಸಂದರ್ಭಗಳಲ್ಲೆಲ್ಲ ನಮಗೆ ಪುಣೆಯ ಗೋಪಾಳ ಗಣೇಶ ಆಗರಕರರ ಸ್ಮರಣೆಯಾಗುವುದು. ಅವರು ನಮಗೆ ತೀರ ಪರಕೀಯರೂ ಅಲ್ಲ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯುವವರೆಗೆ ಮುಂಬಯಿ ಕರ್ನಾಟಕದ ತರುಣರಲ್ಲಿ ಅನೇಕರು ಉಚ್ಚ ಶಿಕ್ಷಣಕ್ಕಾಗಿ ಪುಣೆಯ ದಾರಿ ಹಿಡಿಯಬೇಕಾಗಿತ್ತು. ಆಲೂರ ವೆಂಕಟರಾಯರೂ ಬೇಂದ್ರೆಯವರೂ ಓದಿದ ಫರ್ಗ್ಯುಸನ್ ಕಾಲೇಜು ಆಗರಕರರೂ ಅವರ ಸಂಗಡಿಗರೂ ಕಟ್ಟಿದ್ದೇ ಆಗಿದೆ.

ಆಗರಕರರು 1856ರಲ್ಲಿ ಕರಾಡದ ಹತ್ತಿರದ ಟೆಂಭು ಗ್ರಾಮದಲ್ಲಿ ಕಡುಬಡವರ ಮನೆಯಲ್ಲಿ ಜನಿಸಿದರು. ಓದಬೇಕೆಂಬ ಹಂಬಲವಿದ್ದರೂ ಕೈಯಲ್ಲಿ ಕಾಸಿರಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಕರಾಡದ ಕಚೇರಿಯಲ್ಲಿ ಕಾರಕೂನಿಕೆ ಮಾಡಿದರು. ವಿದ್ಯೆಯನ್ನರಸಿ ರತ್ನಾಗಿರಿಗೆ ಹೋದರು. ಅಲ್ಲಿ ನೆಲೆ ದೊರೆಯಲಿಲ್ಲ. ಕಡೆಗೆ ದೂರದ ಅಕೋಲೆಯಲ್ಲಿ ಬಂಧುಗಳ ಆಶ್ರಯದಲ್ಲಿದ್ದು 1875ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಒಂದೇ ಅಂಗಿಯನ್ನು ರಾತ್ರಿ ಒಗೆದು ಹಗಲು ತೊಡುತ್ತಿದ್ದರೆಂದು ಪ್ರತೀತಿಯಿದೆ. ಸರಕಾರಿ ನೌಕರಿಯನ್ನು ಬಯಸುವುದಕ್ಕೆ ಯಾರಿಗಾದರೂ ನ್ಯಾಯವಾದ ಕಾರಣವಿದ್ದರೆ ಅದು ಈ ಹುಡುಗನಿಗೇ ಇದ್ದಿತು.

ಅಲ್ಲಿಯೇ 1879ರಲ್ಲಿ ಅವರಿಗೆ ಸಮವಯಸ್ಕರಾದ ಬಾಳ ಗಂಗಾಧರ ಟಿಳಕರ ಸ್ನೇಹವಾಯಿತು. ತಮ್ಮ ಮುಂದಿನ ಬಾಳು ಯಾವುದಕ್ಕಾಗಿ ಎಂಬುದನ್ನು ಈ ಇಬ್ಬರು ತರುಣರು ದಿನಗಟ್ಟಲೆ ಚರ್ಚಿಸಿದರು. ಜನರಿಗೆ ಶಿಕ್ಷಣವಿಲ್ಲದೆ ದೇಶಕ್ಕೆ ಗತಿಯಿಲ್ಲ, ಆ ಶಿಕ್ಷಣವನ್ನು ನಮ್ಮವರೇ ಕೊಡಬೇಕು ಎಂಬುದು ಅವರು ಮುಟ್ಟಿದ ನಿರ್ಣಯ. ಸರಕಾರಿ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಬಂದ ವಿಷ್ಣುಶಾಸ್ತ್ರಿ ಚಿಪಳೂಣಕರರೊಡನೆ ಕೂಡಿ 1880ರ ಜನವರಿಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆಯುವ ಏರ್ಪಾಡಾಯಿತು. ಎಂ.ಎ. ಪರೀಕ್ಷೆ ಮುಗಿಯಬೇಕಾಗಿದ್ದುದರಿಂದ ಆಗರಕರರು ಸ್ವಲ್ಪ ತಡವಾಗಿ ಸೇರಿದರು.

ಆದರೆ ಹಳ್ಳಿಯಲ್ಲಿ ತಾಯಿ ಇದ್ದಳು. ಮಗನು ದೊಡ್ಡ ಪರೀಕ್ಷೆಗಳನ್ನು ಗೆದ್ದು ದೊಡ್ಡ ಹುದ್ದೆಗೆ ಏರುವನು, ಮನೆಯ ದಾರಿದ್ರ್ಯವು ನೀಗುವುದು ಎಂದು ಆಕೆ ನೆಚ್ಚಿಕೊಂಡಿದ್ದರೆ ಅದರಲ್ಲಿ ತಪ್ಪೇನು? ಆಗರಕರರು ಆಕೆಯನ್ನು ಸುಳ್ಳು ಆಶೆಯಲ್ಲಿ ಇರಗೊಡಲಿಲ್ಲ. ಸಂಪತ್ತಿನ ಬಯಕೆಯನ್ನು ತಾವು ತೊರೆದಿರುವುದಾಗಿಯೂ, ಹೊಟ್ಟೆಗೆ ಸಾಲುವಷ್ಟರಲ್ಲಿ ತೃಪ್ತರಾಗಿ ಉಳಿದ ಕಾಲವನ್ನೆಲ್ಲ ಪರಹಿತಕ್ಕೆ ವೆಚ್ಚ ಮಾಡುವುದಾಗಿಯೂ ಪತ್ರ ಬರೆದು ತಿಳಿಸಿದರು. ಮಹಾರಾಷ್ಟ್ರದಲ್ಲಿ ಆ ಪತ್ರವನ್ನು ಅರಿಯದವರು ವಿರಳ. ಅವರ ತ್ಯಾಗವನ್ನು ಎಲ್ಲರೂ ಹೊಗಳುವರು. ನಮಗಾದರೋ ಅದಕ್ಕಿಂತ ಅವರ ಪ್ರಾಮಾಣಿಕತೆಯು ದೊಡ್ಡದಾಗಿ ತೋರುವುದು. ಮನೆಯವರಿಗೆ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡು ಬೆಳೆಯುವ ಹುಡುಗರು ಎಷ್ಟು ಮಂದಿ! ಹಾಗೆ ಮುಚ್ಚಿಡುವುದನ್ನು ಕಲಿಸಿದವರು ಬಹುಮಟ್ಟಿಗೆ ನಾವೇ ಅಲ್ಲವೆ?

1881ರಲ್ಲಿ ಹೊರಟ ಕೇಸರಿ ಪತ್ರಿಕೆಗೆ ಆಗರಕರರೇ ಮೊದಲ ಸಂಪಾದಕರು. ಕೊಲ್ಹಾಪುರದ ಪ್ರಕರಣದಲ್ಲಿ 1882ರಲ್ಲಿ ಟಿಳಕರೊಡನೆ 101 ದಿವಸ ಡೋಂಗರಿಯ ಸೆರೆಮನೆಯಲ್ಲಿದ್ದರು. ಮುಂದೆ 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯೂ 1885ರಲ್ಲಿ ಫರ್ಗ್ಯುಸನ್ ಕಾಲೇಜೂ ಆದುವು.

ಆ 1885ರಲ್ಲಿಯೇ ಹದಿನೆಂಟರ ತರುಣನೊಬ್ಬನು ಶಾಲೆಗೆ ಉಪಾಧ್ಯಾಯನಾಗಿ ಬಂದನು. ಕಾನೂನು ಓದಿ ವಕೀಲನಾಗುವ ಯೋಚನೆ ಆತನದು. ತಂದೆ ಇಲ್ಲ, ಅಲ್ಪ ಸಂಬಳದ ಅಣ್ಣನು ತಾನು ಅರೆಹೊಟ್ಟೆಯಲ್ಲಿದ್ದು ತಮ್ಮನನ್ನು ಓದಿಸಿದ್ದನು. ಆಗರಕರರೂ ಟಿಳಕರೂ ಹಾಕಿಕೊಟ್ಟ ಮೇಲ್ಪಂಕ್ತಿಯು ಆತನನ್ನು ಸೆಳೆಯಿತು; ಅಣ್ಣನ ಒಪ್ಪಿಗೆ ಪಡೆದು ಆತನು ಸೊಸಾಯಿಟಿಯ ಆಜೀವ ಸದಸ್ಯನಾದನು. ಗೋಪಾಳ ಕೃಷ್ಣ ಗೋಖಲೆಯವರ ಸಾರ್ವಜನಿಕ ಜೀವನವು ಹೀಗೆ ಆರಂಭವಾಯಿತು. ತಾವು ನಡೆಯದ ದಾರಿಯನ್ನು ಹುಡುಗರಿಗೆ ತೋರಿಸಹೊರಡುವ ಉಪದೇಶಕರು ಈ ಸಂಗತಿಯನ್ನು ಗಮನಿಸತಕ್ಕದ್ದು.

ಸಮಾಜಸುಧಾರಣೆಯೇ ಮೊದಲಾಗಬೇಕೆಂಬ ಹಟದಿಂದ ಆಗರಕರರಿಗೆ ಟಿಳಕರೊಡನೆ ಮನಸ್ತಾಪವುಂಟಾಯಿತು. 1887ರಲ್ಲಿ ಕೇಸರಿಯನ್ನು ಬಿಟ್ಟು ಮರುವರ್ಷ ಸುಧಾರಕ ಎಂಬ ಪತ್ರವನ್ನು ಹೊರಡಿಸಿದರು. ಬಾಲ್ಯವಿವಾಹವನ್ನೂ ವಿಧವೆಯರ ಕೇಶವಪನವನ್ನೂ ಖಂಡಿಸಿದುದಕ್ಕಾಗಿ ಪುಣೆಯ ಕರ್ಮಠರು ಅವರು ಬದುಕಿರುವಾಗಲೇ ಅವರ ಶವಯಾತ್ರೆಯನ್ನು ಹೊರಡಿಸಿದರು. ಆ ಗೆಳೆತನ ಮುರಿಯದಿದ್ದರೆ ದೇಶಕ್ಕೆ ಲೇಸಾಗುತ್ತಿತ್ತೆಂದು ಈಗಲೂ ನಾವು ಮರುಗುವೆವು. ಆದರೆ ತಮ್ಮ ನಂಬಿಕೆಯನ್ನು ಬಿಟ್ಟುಕೊಡುವ ಸ್ವಭಾವ ಇಬ್ಬರಲ್ಲಿಯೂ ಇರಲಿಲ್ಲ.

1892ರಲ್ಲಿ ಕಾಲೇಜಿನ ಪ್ರಾಂಶುಪಾಲರಾದ ಮೇಲೂ ಹಳೆಯ ಬಡತನ ನೀಗಲಿಲ್ಲ. ಉಬ್ಬಸವು ದೇಹವನ್ನು ತಿನ್ನುತ್ತಿತ್ತು. 1895ರ ಜೂನ್ 17ರಂದು, ನಾಲ್ವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಟಿಳಕರೇ ಕೇಸರಿಯಲ್ಲಿ ಮರಣಲೇಖವನ್ನು ಬರೆದರು. ತಮ್ಮ ಅಂತ್ಯಕ್ರಿಯೆಗೆ ಯಾರೂ ಕೈಚಾಚಬೇಕಾಗದಂತೆ ಆಗರಕರರು ಅದಕ್ಕೆ ಬೇಕಾದಷ್ಟು ಹಣವನ್ನು ಗಂಟು ಕಟ್ಟಿ ತೆಗೆದಿರಿಸಿದ್ದರೆಂದು ಹೇಳುವರು.