ಟಿ.ಎಸ್. ಸತ್ಯನ್: ಛಾಯಾಗ್ರಾಹಕನ ದೃಷ್ಟಿ ಮತ್ತು ಸಾಮಾನ್ಯರ ಬದುಕು

1

ಕನ್ನಡದಲ್ಲಿ ಸಾಹಿತಿಗಳ, ಸಂಗೀತಗಾರರ, ನಟರ ಜೀವನಚರಿತ್ರೆಗಳು ಹೇರಳವಾಗಿ ಬಂದಿವೆ. ಛಾಯಾಗ್ರಾಹಕರನ್ನು ಕುರಿತ ಗಂಭೀರ ಬರವಣಿಗೆ ಮಾತ್ರ ವಿರಳ. ಛಾಯಾಚಿತ್ರವನ್ನು ನಾವು ಲೇಖನಕ್ಕೆ ಪೂರಕವಾದ ಅಲಂಕಾರವೆಂದೋ, ನಡೆದ ಘಟನೆಗೆ ಪುರಾವೆಯೆಂದೋ ಭಾವಿಸುತ್ತ ಬಂದಿದ್ದೇವೆ. ಅದನ್ನು ಒಂದು ಪಠ್ಯವೆಂದು ಪರಿಗಣಿಸಿ, ಅದರ ಹಿಂದಿರುವ ದೃಷ್ಟಿಯನ್ನು ಚರ್ಚಿಸಿದ್ದು ಕಡಿಮೆ. ಈ ಹಿನ್ನೆಲೆಯಲ್ಲಿ ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನ್ (1923-2009) ಅವರ ವೃತ್ತಿಜೀವನ ಅಧ್ಯಯನಯೋಗ್ಯವಾಗಿದೆ. ಸುಮಾರು ಆರು ದಶಕಗಳ ಕಾಲ ಅವರು ಭಾರತದ ಸಾಮಾನ್ಯ ಜನರ ಬದುಕನ್ನು ಕಪ್ಪುಬಿಳುಪಿನಲ್ಲಿ ದಾಖಲಿಸಿದರು. ಅವರ ಸಾಮಾಜಿಕ ಕಾಳಜಿಯ ಸ್ವರೂಪ ಯಾವುದು, ಅದರ ಮಿತಿ ಎಲ್ಲಿದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

2

ಸತ್ಯನ್ ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಬನುಮಯ್ಯ ಶಾಲೆಯಲ್ಲಿಯೂ ಮಹಾರಾಜ ಕಾಲೇಜಿನಲ್ಲಿಯೂ ಅವರ ವಿದ್ಯಾಭ್ಯಾಸ ನಡೆಯಿತು. ಅವರು ವಿದ್ಯಾರ್ಥಿಯಾಗಿದ್ದ ಕಾಲದ ಮೈಸೂರಿನ ಸಾಂಸ್ಕೃತಿಕ ವಾತಾವರಣವನ್ನು ವಿವರಿಸುವ ಅಗತ್ಯ ಈ ಪತ್ರಿಕೆಯ ಓದುಗರಿಗಿಲ್ಲ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್, ಮುಂದೆ ಪತ್ರಕರ್ತರಾಗಿ ಹೆಸರಾದ ಎಚ್.ವೈ. ಶಾರದಾಪ್ರಸಾದ್ ಅದೇ ಪೀಳಿಗೆಯವರು. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಸ್ನೇಹವೂ ಸತ್ಯನ್‌ರಿಗೆ ದೊರಕಿತು. ದೊಡ್ಡ ಘಟನೆಗಳಿಗಿಂತ ಬೀದಿಯ ಸಣ್ಣ ಸಂಗತಿಗಳಲ್ಲಿ ಮನುಷ್ಯಸ್ವಭಾವವನ್ನು ಹುಡುಕುವ ಗುಣ ನಾರಾಯಣ್, ಲಕ್ಷ್ಮಣ್, ಸತ್ಯನ್ ಮೂವರಿಗೂ ಸಮಾನವಾದುದು. ಬರವಣಿಗೆ, ರೇಖೆ, ಬೆಳಕು ಎಂಬ ಮೂರು ಬೇರೆ ಬೇರೆ ಮಾಧ್ಯಮಗಳಲ್ಲಿ ಒಂದೇ ಊರಿನ ಸಂವೇದನೆ ಹೇಗೆ ರೂಪುಗೊಂಡಿತೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ.

ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಪತ್ರಿಕೆಗಳು ಆರಂಭವಾದುದು 1948ರಲ್ಲಿ. ಅದೇ ವರ್ಷ, ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಸತ್ಯನ್ ಡೆಕ್ಕನ್ ಹೆರಾಲ್ಡ್ ಬಳಗವನ್ನು ಸೇರಿದರು. ಪತ್ರಿಕೆಯೊಂದರ ಪೂರ್ಣಕಾಲಿಕ ಸಿಬ್ಬಂದಿಯಲ್ಲಿ ಛಾಯಾಗ್ರಾಹಕನಿಗೂ ಸ್ಥಾನವಿರಬೇಕೆಂಬ ಕಲ್ಪನೆ ನಮ್ಮಲ್ಲಿ ಆಗಿನ್ನೂ ಬಲಗೊಂಡಿರಲಿಲ್ಲ. ಅನಂತರ ಅವರು ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾಕ್ಕೆ ಹೋದರು. ಮುಂದೆ ಸಂಬಳದ ನೌಕರಿಯನ್ನು ಬಿಟ್ಟು, ದೆಹಲಿಯಲ್ಲಿ ನೆಲೆಸಿ, ಸ್ವತಂತ್ರ ಛಾಯಾಗ್ರಾಹಕರಾಗಿ ದುಡಿದರು. ಲೈಫ್‌ನಂತಹ ವಿದೇಶಿ ಪತ್ರಿಕೆಗಳು ಅವರ ಚಿತ್ರಗಳನ್ನು ಪ್ರಕಟಿಸಿದವು. ನೆಹರೂ, ವಿಶ್ವೇಶ್ವರಯ್ಯ ಅವರಂತಹ ಗಣ್ಯರ ಭಾವಚಿತ್ರಗಳನ್ನೂ ಅವರು ತೆಗೆದರು. ಆದರೆ ಅವರ ಹೆಸರನ್ನು ಉಳಿಸಿರುವುದು ಗಣ್ಯರ ಚಿತ್ರಗಳಲ್ಲ, ಹೆಸರಿಲ್ಲದವರ ಚಿತ್ರಗಳು. ಶಾಲೆಯ ಮಕ್ಕಳು, ತಾಯಂದಿರು, ದುಡಿಮೆಯಲ್ಲಿ ತೊಡಗಿದ ಹೆಂಗಸರು, ಜಾತ್ರೆಗೆ ಬಂದ ಹಳ್ಳಿಗರು ಅವರ ನಿರಂತರ ವಸ್ತುಗಳು.

3

ಸತ್ಯನ್ ಅವರ ಸಾಮಾಜಿಕ ತೊಡಗುವಿಕೆ ಸ್ಪಷ್ಟ ರೂಪ ಪಡೆದುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳಿಗಾಗಿ ಮಾಡಿದ ಕೆಲಸದಲ್ಲಿ. ಅದರಲ್ಲಿ ಸಿಡುಬು ನಿರ್ಮೂಲನೆಯ ದಾಖಲಾತಿ ಮುಖ್ಯವಾದುದು. ಈ ರೋಗದ ಉಗ್ರತೆಯನ್ನು ಇಂದಿನ ಓದುಗರು ಊಹಿಸುವುದು ಕಷ್ಟ. 1974ರ ಒಂದೇ ವರ್ಷದಲ್ಲಿ ಭಾರತದಲ್ಲಿ 1,88,000 ಪ್ರಕರಣಗಳು ವರದಿಯಾದವು. ಬಿಹಾರ ಅತ್ಯಂತ ಹೆಚ್ಚು ನಲುಗಿತು. ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿ, ಸುತ್ತಲಿನವರಿಗೆಲ್ಲ ಕವಲುಮೊನೆಯ ಸೂಜಿಯಿಂದ ದಾಕು ಹಾಕುವ ವಿಧಾನವನ್ನು ಅನುಸರಿಸಿದರು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಪತ್ತೆಯಾಯಿತು. 1977ರಲ್ಲಿ ಭಾರತವನ್ನೂ 1980ರಲ್ಲಿ ಇಡೀ ಜಗತ್ತನ್ನೂ ಸಿಡುಬುಮುಕ್ತವೆಂದು ಘೋಷಿಸಲಾಯಿತು.

ಈ ಆಂದೋಲನದಲ್ಲಿ ಚಿತ್ರವೇ ಒಂದು ಸಾಧನವಾಗಿತ್ತು ಎಂಬುದು ಗಮನಾರ್ಹ. ಕಾರ್ಯಕರ್ತರು ಸಿಡುಬಿನ ಗುಳ್ಳೆಗಳೆದ್ದ ಮಗುವಿನ ಛಾಯಾಚಿತ್ರವಿದ್ದ ಗುರುತಿನ ಕಾರ್ಡನ್ನು ಹಿಡಿದು, ಇಂತಹ ರೋಗಿ ಊರಿನಲ್ಲಿರುವನೇ ಎಂದು ವಿಚಾರಿಸುತ್ತಿದ್ದರು. ಅಕ್ಷರ ಬಾರದವರಿಗೂ ಚಿತ್ರ ಅರ್ಥವಾಗುತ್ತಿತ್ತು. ಮೈಸೂರಿಗಂತೂ ಈ ಸಂಬಂಧ ಹೊಸದಲ್ಲ. ಥಾಮಸ್ ಹಿಕಿ 1805ರಲ್ಲಿ ರಚಿಸಿದ ಮೈಸೂರು ರಾಣಿಯರ ವರ್ಣಚಿತ್ರವು ದಾಕು ಹಾಕಿಸಿಕೊಳ್ಳಲು ಜನರನ್ನು ಪ್ರೇರೇಪಿಸುವ ಉದ್ದೇಶದ್ದೆಂದು ಇತಿಹಾಸಕಾರರು ವಾದಿಸಿದ್ದಾರೆ.

ಗುರುತಿನ ಕಾರ್ಡಿನ ಚಿತ್ರ ರೋಗವನ್ನು ತೋರಿಸಬೇಕು. ಅಲ್ಲಿ ಮಗು ರೋಗಲಕ್ಷಣಕ್ಕೆ ಆಧಾರ ಮಾತ್ರ. ಸತ್ಯನ್ ಅವರ ದೃಷ್ಟಿ ಇದಕ್ಕಿಂತ ಭಿನ್ನ. ಅವರು ಮನುಷ್ಯನನ್ನು ಅವನ ಮನೆ, ಬಂಧುಗಳು, ಕೆಲಸ, ಆಟ ಇವುಗಳ ನಡುವೆ ಇಟ್ಟು ನೋಡುತ್ತಾರೆ. ಎದುರಿಗಿರುವವರ ವಿಶ್ವಾಸ ಗಳಿಸಿಕೊಂಡು, ಸಹಜ ಬೆಳಕಿನಲ್ಲಿ, ಆಡಂಬರವಿಲ್ಲದೆ ಚಿತ್ರ ತೆಗೆಯುವುದು ಅವರ ಕ್ರಮ. ಆದ್ದರಿಂದ ಅವರ ಚಿತ್ರಗಳಲ್ಲಿ ಬಡತನ ಕಾಣುತ್ತದೆಯಾದರೂ ಬಡವರು ಕನಿಕರದ ವಸ್ತುಗಳಾಗುವುದಿಲ್ಲ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿತು. ಅದಕ್ಕೂ ಮೊದಲೇ, 1977ರಲ್ಲಿ, ಅವರಿಗೆ ಪದ್ಮಶ್ರೀ ಸಂದಿತ್ತು.

4

ಈ ಸೌಮ್ಯ ದೃಷ್ಟಿಯನ್ನು ಪ್ರಶ್ನಿಸದೆ ಬಿಡುವಂತಿಲ್ಲ. ಅವರ ಸಮಕಾಲೀನ ಸುನಿಲ್ ಜಾನಾ 1943ರ ಬಂಗಾಳದ ಬರಗಾಲವನ್ನು ಚಿತ್ರಿಸಿದ್ದು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಾಗಿ. ಅಲ್ಲಿ ಹಸಿದ ದೇಹ ನೇರವಾಗಿ ವ್ಯವಸ್ಥೆಯ ಮೇಲಿನ ಆರೋಪವಾಗುತ್ತದೆ. ಸತ್ಯನ್ ಅವರಲ್ಲಿ ಅಂತಹ ಆರೋಪದ ದನಿ ಇಲ್ಲ. ನ್ಯೂಯಾರ್ಕಿನಲ್ಲಿ ಅವರ ಪ್ರದರ್ಶನ ನಡೆದ 1979ರಲ್ಲಿಯೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಹಳ್ಳಿಯ ನೆಮ್ಮದಿಯ ಚಿತ್ರಗಳ ಹಿಂದೆ ಅಸ್ಪೃಶ್ಯತೆ ಮತ್ತು ಶೋಷಣೆ ಅಡಗಿವೆಯೆಂದು ದಲಿತ-ಬಂಡಾಯ ಬರಹಗಾರರು ಹೇಳುತ್ತಿದ್ದ ಕಾಲವದು. ಆ ಮಾನದಂಡದಿಂದ ನೋಡಿದರೆ ಸತ್ಯನ್ ಅವರ ಸಂವೇದನೆ ಗೊರೂರರ ‘ಹಳ್ಳಿಯ ಚಿತ್ರಗಳು’ (1930) ಪ್ರತಿನಿಧಿಸುವ ಲಲಿತ ಪ್ರಬಂಧದ ಪರಂಪರೆಗೆ ಹತ್ತಿರವಾದುದು. ಅದರಲ್ಲಿ ಪ್ರೀತಿ ಇದೆ, ವಿನೋದವಿದೆ. ಸಂಘರ್ಷ ಹಿನ್ನೆಲೆಗೆ ಸರಿಯುತ್ತದೆ.

ಇದಕ್ಕೆ ವೃತ್ತಿಯ ಸ್ವರೂಪವೂ ಕಾರಣ. ಸಂಸ್ಥೆಗಳು ನಿಯೋಜಿಸಿದ ಕೆಲಸದಲ್ಲಿ ಪರಿಹಾರ ಕಾಣಬೇಕು. ಕಾರ್ಯಕ್ರಮ ಸಫಲವಾಗುತ್ತಿದೆ ಎಂಬ ಭರವಸೆ ಮೂಡಬೇಕು. ಚಿತ್ರದಲ್ಲಿರುವ ತಾಯಿಯ ಹೆಸರು, ಊರು, ಜಾತಿ, ಕೂಲಿ ಇವುಗಳು ಇಂತಹ ಪ್ರಕಟಣೆಗಳ ಅಡಿಟಿಪ್ಪಣಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆಕೆ ಒಬ್ಬ ಭಾರತೀಯ ತಾಯಿ ಎಂಬ ಸಾಮಾನ್ಯೀಕರಣಕ್ಕೆ ಒಳಗಾಗುತ್ತಾಳೆ. ಇದು ಸತ್ಯನ್ ಒಬ್ಬರ ದೋಷವಲ್ಲ. ಅಂದಿನ ಅಭಿವೃದ್ಧಿ ಛಾಯಾಗ್ರಹಣದ ಒಟ್ಟು ಮಿತಿ.

ಹಾಗೆಂದು ಸೌಮ್ಯತೆಯನ್ನು ನಿಷ್ಕ್ರಿಯತೆಯೆಂದು ತೀರ್ಮಾನಿಸುವುದೂ ಅವಸರದ ಮಾತಾಗುತ್ತದೆ. ಸಿಡುಬನ್ನು ಅಮ್ಮನ ಮುನಿಸೆಂದು ಭಾವಿಸಿ ರೋಗಿಗಳನ್ನು ಮರೆಮಾಡುತ್ತಿದ್ದವರೂ ಇದ್ದ ಸಮಾಜದಲ್ಲಿ, ಕ್ಯಾಮೆರಾ ಹಿಡಿದ ಅಪರಿಚಿತನೊಬ್ಬ ಮನೆಯೊಳಗೆ ಪ್ರವೇಶ ಪಡೆಯುವುದೇ ಒಂದು ಸಾಮಾಜಿಕ ಸಂಬಂಧದ ಫಲ. ಆರೋಪದ ಚಿತ್ರಕ್ಕೆ ನೋಡುಗನ ಆಕ್ರೋಶ ಸಾಕು; ಸತ್ಯನ್ ಅವರ ಚಿತ್ರಕ್ಕೆ ಎದುರಿಗಿರುವವರ ಒಪ್ಪಿಗೆ ಬೇಕು. ನೊಂದವರ ಘನತೆಯನ್ನು ಕಾಪಾಡುವ ಈ ನಿಲುವೇ ಅವರ ಸಾಮಾಜಿಕ ಕಾಳಜಿಯ ತಿರುಳು.

5

ಕೊನೆಯ ವರ್ಷಗಳನ್ನು ಸತ್ಯನ್ ಮೈಸೂರಿನಲ್ಲಿ ಕಳೆದರು. ಶಾರದಾಪ್ರಸಾದ್ ಅವರ ಬರಹ ಮತ್ತು ಸತ್ಯನ್ ಅವರ ಚಿತ್ರಗಳಿರುವ ‘ಎಕ್ಸ್‌ಪ್ಲೋರಿಂಗ್ ಕರ್ನಾಟಕ’ 1981ರಲ್ಲಿ ಹೊರಬಂದಿತ್ತು. 2005ರಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂಬ ಇಂಗ್ಲಿಷ್ ಆತ್ಮಕಥನ ಪ್ರಕಟವಾಯಿತು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ಯನ್ನು ಬರೆದರು. ಡಿ.ವಿ.ಜಿ. ಅವರು ತಮ್ಮ ನೆನಪುಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದು ಹೆಸರಿಟ್ಟು ಮಾತಿಗೆ ಚಿತ್ರದ ರೂಪಕವನ್ನು ಬಳಸಿದರು. ಸತ್ಯನ್ ನಡೆದುದು ಎದುರು ದಿಕ್ಕಿನಿಂದ, ಚಿತ್ರದಿಂದ ಮಾತಿಗೆ. ಕನ್ನಡದ ವ್ಯಕ್ತಿಚಿತ್ರ ಪ್ರಕಾರವನ್ನು ಅಭ್ಯಸಿಸುವವರು ಇವೆರಡನ್ನೂ ಜೊತೆಗಿಟ್ಟು ನೋಡಬೇಕಾಗಿದೆ. 2009ರ ಡಿಸೆಂಬರ್ 13ರಂದು, ಎಂಬತ್ತಾರನೆಯ ಹುಟ್ಟುಹಬ್ಬಕ್ಕೆ ಐದು ದಿನಗಳಿರುವಾಗ, ಅವರು ನಿಧನರಾದರು.

2023ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಆರಂಭವಾದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದ ಸಂಗ್ರಹದಲ್ಲಿ ಸತ್ಯನ್ ಅವರ ಚಿತ್ರಗಳಿವೆ. ಚಿತ್ರಗಳು ಉಳಿದರೆ ಸಾಲದು. ಅವುಗಳಲ್ಲಿರುವ ಊರು, ಕಸುಬು, ಉಡುಗೆ, ವಸ್ತುಗಳನ್ನು ಗುರುತಿಸಬಲ್ಲ ಹಿರಿಯ ತಲೆಮಾರು ಕಣ್ಮರೆಯಾಗುತ್ತಿದೆ. ಕ್ಷೇತ್ರಕಾರ್ಯದಲ್ಲಿ ನುರಿತ ಕನ್ನಡ ವಿಭಾಗಗಳು ಜನಪದ ಗೀತೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಕರ್ನಾಟಕದ ಚಿತ್ರಗಳ ವಿವರಗಳನ್ನೂ ಸಂಗ್ರಹಿಸಬಹುದು. ಸತ್ಯನ್ ಮುಖಗಳನ್ನು ಉಳಿಸಿದ್ದಾರೆ. ಆ ಮುಖಗಳಿಗೆ ಹೆಸರುಗಳನ್ನು ಮರಳಿ ಕೊಡುವ ಕೆಲಸ ಸಂಶೋಧಕರದು.