ದೂರವನ್ನು ಹತ್ತಿರವಾಗಿಸಿದ ಮಲ್ಯರು

ಮೊಬೈಲ್‌ನಲ್ಲಿ ಎರಡು ಊರುಗಳ ಹೆಸರು ಬರೆದರೆ ಸಾಕು, ನಡುವಿನ ದೂರವೂ ವಿಮಾನ ಪ್ರಯಾಣದ ಸಮಯವೂ ಕ್ಷಣದಲ್ಲಿ ತಿಳಿಯುತ್ತದೆ. ಆಕಾಶಮಾರ್ಗದಲ್ಲಿ ಮಂಗಳೂರಿನಿಂದ ಮುಂಬಯಿಗೆ ಸುಮಾರು 700 ಕಿ.ಮೀ., ಒಂದೂವರೆ ಗಂಟೆ. ದುಬೈಗೆ ಸುಮಾರು 2,400 ಕಿ.ಮೀ., ಮೂರೂವರೆ ಗಂಟೆಯ ಆಸುಪಾಸು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದವರಾದ ನಮಗೆಲ್ಲ ಹತ್ತಿರದ ವಿಮಾನ ನಿಲ್ದಾಣವೆಂದರೆ ಬಜಪೆಯೇ. ಅದು ನಮ್ಮ ಕರಾವಳಿಗೆ ಬಂದದ್ದು ಹೇಗೆಂದು ಓದತೊಡಗಿದಾಗ ನನಗೆ ಮತ್ತೆ ಮತ್ತೆ ಎದುರಾದ ಹೆಸರು ಉಳ್ಳಾಲ ಶ್ರೀನಿವಾಸ ಮಲ್ಯರದು.

1902ರ ನವೆಂಬರ್ 21ರಂದು ಜನಿಸಿದ ಮಲ್ಯರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಜೈಲುವಾಸ ಅನುಭವಿಸಿದರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. ಮೊದಲ ಮಹಾಚುನಾವಣೆಯಲ್ಲೇ ಲೋಕಸಭೆಗೆ ಆಯ್ಕೆಯಾಗಿ, 1957 ಹಾಗೂ 1962ರಲ್ಲಿ ಉಡುಪಿ ಕ್ಷೇತ್ರದಿಂದ ಗೆದ್ದರು.

ಆಗಿನ ದೂರ ಎಂಥದ್ದೆಂದು ನನಗೆ ಅರ್ಥವಾದದ್ದು ಅಜ್ಜಿಯ ಮಾತಿನಿಂದ. ಅವರ ಅಣ್ಣ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ತಾಯಿ ತೀರಿಕೊಂಡದ್ದು ಆಟಿ ತಿಂಗಳಲ್ಲಿ. ಮಳೆಗಾಲವಾದ್ದರಿಂದ ಹಡಗು ಇಲ್ಲ. ಘಟ್ಟ ಇಳಿದು, ಹೊಳೆಗಳನ್ನು ದೋಣಿಯಲ್ಲಿ ದಾಟಿ ಅವರು ಮನೆ ಮುಟ್ಟುವಾಗ ಚಿತೆ ಆರಿ ದಿನಗಳಾಗಿದ್ದವು. ಕಳೆದ ವರ್ಷ ನಮ್ಮ ಅಜ್ಜ ತೀರಿಕೊಂಡಾಗ ದುಬೈಯಲ್ಲಿದ್ದ ಮಾವ ರಾತ್ರಿ ಹೊರಟು ಬೆಳಗ್ಗೆ ಕಾಪುವಿನ ಮನೆಯ ಅಂಗಳದಲ್ಲಿದ್ದರು. ಅಜ್ಜನ ಮುಖ ನೋಡಿದರು, ಹೆಗಲು ಕೊಟ್ಟರು.

ಈ ಎರಡು ಸಾವುಗಳ ನಡುವಿನ ವ್ಯತ್ಯಾಸದಲ್ಲಿ ಮಲ್ಯರ ದುಡಿಮೆಯಿದೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಬಜಪೆ ನಿಲ್ದಾಣ ಆರಂಭವಾಯಿತು. ಅದರ ಹಿಂದಿದ್ದುದು ಮಲ್ಯರ ಪ್ರಯತ್ನ. ಆದರೆ ವಿಮಾನ ಇಳಿದ ಮಾತ್ರಕ್ಕೆ ಮನೆ ಸಿಗುವುದಿಲ್ಲವಲ್ಲ! ಪಾವಂಜೆ, ಮೂಲ್ಕಿ, ಉದ್ಯಾವರದ ಹೊಳೆಗಳನ್ನು ದಾಟಬೇಕು. ಪಶ್ಚಿಮ ಕರಾವಳಿಯ ಹೆದ್ದಾರಿಗೂ ಕೂಳೂರು ಸೇತುವೆಗೂ ಅವರು ದಿಲ್ಲಿಯಲ್ಲಿ ಪಟ್ಟುಹಿಡಿದು ಕೆಲಸ ಮಾಡಿದರು. ಓದಿಗಾಗಿ ದೂರ ಹೋಗಬೇಕಾದ ಮಕ್ಕಳಿಗಾಗಿ 1960ರಲ್ಲಿ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜು ಬರುವಂತೆ ಮಾಡಿದರು. ಅದುವೇ ಇಂದಿನ ಎನ್‌ಐಟಿಕೆ.

ನವಮಂಗಳೂರು ಬಂದರಿಗಾಗಿಯೂ ಶ್ರಮಿಸಿದರು. ಅದು ಪ್ರಮುಖ ಬಂದರೆಂದು ಘೋಷಣೆಯಾದದ್ದು 1974ರಲ್ಲಿ. ನೋಡಲು ಅವರಿರಲಿಲ್ಲ. 1965ರ ಡಿಸೆಂಬರ್ 19ರಂದೇ ನಿಧನರಾಗಿದ್ದರು. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದನ್ನೂ ಅವರು ಕಾಣಲಿಲ್ಲ.

ಎನ್‌ಐಟಿಕೆಯ ವಿಳಾಸದಲ್ಲಿ ಶ್ರೀನಿವಾಸನಗರ ಎಂದಿರುತ್ತದೆ. ಅಲ್ಲಿ ಓದುವ ಗೆಳೆಯರಲ್ಲಿ ಆ ಶ್ರೀನಿವಾಸ ಯಾರೆಂದು ಕೇಳಿದೆ. ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾವು ಯುವಕರು ಕೆಲಸ ಅರಸಿ ಇನ್ನೂ ದೂರದೂರಿಗೆ ಹಾರುವವರು. ಹೊರಡುವ ಮೊದಲು, ಮರಳುವ ದಾರಿಯನ್ನು ನಮಗಾಗಿ ಮಾಡಿಟ್ಟವರ ಹೆಸರನ್ನಾದರೂ ತಿಳಿದುಕೊಳ್ಳೋಣ.